ಅಪ್ಪನ ಹತ್ರ ಇದ್ದದ್ದು ಒಂದು ಬಿಲ್ಲೆ

ಪಿಯುಸಿ ರಿಸಲ್ಟ್ ಬಂದ ಮೂರನೇ ದಿನ ತಮ್ಮನ ಮಗ ನಮ್ಮನೆಗೆ ಬಂದ. ಸೈನ್ಸ್ ಓದಿದ ಹುಡುಗ, ಶೇಕಡಾ 54 ಬಂದಿದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಬಿಡುತ್ತಲೇ ಕೇಳಿದ: "ಅತ್ತೆ, ನಿಜ ಹೇಳು. ಡಿಗ್ರಿ ಮಾಡ್ಲೇಬೇಕಾ? ಅಪ್ಪ ಎಸ್ಸೆಸ್ಸೆಲ್ಸಿ ಫೇಲು, ಅಂಗಡಿ ನಡೀತಾ ಇಲ್ವಾ? ನೀನು ಬಿ.ಕಾಂ. ಮಾಡಿದೀಯ. ನಿಂಗೆ ಅಪ್ಪನಷ್ಟು ದುಡ್ಡು ಬರುತ್ತಾ?"

ಬರಲ್ಲ. ತಮ್ಮನ ಆದಾಯ ತೆರಿಗೆ ರಿಟರ್ನ್ಸ್ ಪ್ರತಿ ವರ್ಷ ತುಂಬುವವಳು ನಾನೇ. ಅವನ ಒಂದು ವರ್ಷದ ಲಾಭ ನನ್ನ ಎರಡು ವರ್ಷದ ಸಂಬಳಕ್ಕಿಂತ ಹೆಚ್ಚು. ಹುಡುಗನಿಗೆ ಇದು ಗೊತ್ತು, ಗೊತ್ತಿದ್ದೇ ಕೇಳಿದ್ದ. ಚಹಾ ಕೊಟ್ಟೆ, ಚಕ್ಕಲಿ ಕೊಟ್ಟೆ, ಉತ್ತರ ಮಾತ್ರ ಕೊಡಲಿಲ್ಲ. ಹತ್ತು ದಿನ ಟೈಮ್ ಕೊಡು ಅಂದೆ. ಅವನು ಕೇಳಿದ್ದು ಒಂದು ಪ್ರಶ್ನೆ, ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಮೂವತ್ತು ವರ್ಷದ ಕಥೆ ಇದೆ.

ಅಪ್ಪ ಮಿಲ್ ಕಾರ್ಮಿಕ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದ ಬಾಲ ಮಾತ್ರ ನಾನು ನೋಡಿದ್ದು. ಆಗ ಊರಿನ ಗಡಿಯಾರ ಅಂದರೆ ಮಿಲ್ಲಿನ ಸೈರನ್. ಅವ್ವ ಅನ್ನಕ್ಕೆ ಎಸರಿಡುತ್ತಿದ್ದದ್ದು ಸೈರನ್ ಕೇಳಿ, ನಾವು ಶಾಲೆಗೆ ಹೊರಡುತ್ತಿದ್ದದ್ದು ಸೈರನ್ ಕೇಳಿ. ಮಿಲ್ ಕಾರ್ಮಿಕರ ನಾಯಕ ಪಂಪಾಪತಿ ಸಿಪಿಐನಿಂದ ಗೆದ್ದು ವಿಧಾನಸಭೆಗೆ ಹೋದದ್ದು ಇದೇ ಊರಿಂದ. ಅವರ ಹೆಸರು ಹೇಳುವಾಗ ಅಪ್ಪನ ಬೆನ್ನು ಈಗಲೂ ನೆಟ್ಟಗಾಗುತ್ತದೆ.

ಅಪ್ಪನ ಕೆಲಸ ರಿಂಗ್ ಫ್ರೇಮಿನ ಮೇಲೆ, ಅಂದರೆ ಹತ್ತಿಯಿಂದ ನೂಲು ತೆಗೆಯುವ ಯಂತ್ರದ ಮೇಲೆ. ನೂರಾರು ಸ್ಪಿಂಡಲ್‌ಗಳು ಒಟ್ಟಿಗೆ ತಿರುಗುತ್ತಿರುತ್ತವೆ, ಎಲ್ಲೋ ಒಂದು ಎಳೆ ಪಟ್ಟನೆ ಕಡಿಯುತ್ತದೆ. ಒಂದು ಕೈಯಲ್ಲಿ ಆ ಸ್ಪಿಂಡಲ್ ತಡೆದು ಹಿಡಿದು, ಬಾಬಿನ್ನಿನ ಮೇಲೆ ಕಳೆದುಹೋದ ತುದಿ ಹುಡುಕಿ, ಟ್ರಾವೆಲರ್ ಅನ್ನುವ ಸಣ್ಣ ಕೊಂಡಿಗೆ ಸಿಕ್ಕಿಸಿ, ಮೇಲೆ ರೋಲರಿನಿಂದ ಇಳಿಯುತ್ತಿರುವ ಹತ್ತಿಗೆ ಆ ತುದಿಯನ್ನು ತಾಗಿಸಿ ಬಿಟ್ಟುಬಿಡಬೇಕು. ನೂಲು ತಾನೇ ಹೊಸೆದುಕೊಂಡು ಮುಂದಕ್ಕೆ ಹೋಗುತ್ತದೆ. ಓದುವಾಗ ನಿಮಗೆ ಹಿಡಿದಷ್ಟು ಹೊತ್ತು ಅಪ್ಪನಿಗೆ ಹಿಡಿಯುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದಾಗ ಅವರ ಎರಡು ಬೆರಳು ಚಾದರದ ಮೇಲೆ ಅದೇ ಕೆಲಸ ಮಾಡುತ್ತಿದ್ದವು. ಸೀರೆ ಅಂಗಡಿಗೆ ಹೋದರೆ ಸೆರಗಿನ ಅಂಚಿನ ಒಂದು ಎಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು "ಇದು ಅರವತ್ತರದ್ದು", "ಇದು ನಲವತ್ತು ಅಂತಾನೆ, ಮೂವತ್ತೂ ಇಲ್ಲ" ಅಂತ ಹೇಳಿಬಿಡುತ್ತಿದ್ದರು. ಒಂದು ಪೌಂಡ್ ನೂಲಿನಲ್ಲಿ 840 ಗಜದ ಲಡಿ ಎಷ್ಟು ಬರುತ್ತವೋ ಅದು ಕೌಂಟು. ಸಂಖ್ಯೆ ಹೆಚ್ಚಾದಷ್ಟೂ ನೂಲು ಸಣ್ಣ. ಅದನ್ನು ಅಳೆಯಲು ಮಿಲ್ಲಿನಲ್ಲಿ ತಕ್ಕಡಿ ಇತ್ತು. ಅಪ್ಪನಿಗೆ ತಕ್ಕಡಿ ಬೇಕಿರಲಿಲ್ಲ.

ಮಿಲ್ಲು ಮುಚ್ಚಿತು. ಯಾಕೆ ಮುಚ್ಚಿತು ಅನ್ನುವುದು ಇಲ್ಲಿ ಬೇಡ, ಅದು ಬರೆದಷ್ಟೂ ಇದೆ. ಅಪ್ಪನಿಗೆ ಆಗ ನಲವತ್ತೇಳು. ಪರಿಚಯದವರೊಬ್ಬರ ಮಾತು ನಂಬಿ ಕೊಯಮತ್ತೂರಿಗೆ ಹೋದರು. ಅಲ್ಲಿನ ಮಿಲ್ಲಿನ ಆಫೀಸಿನಲ್ಲಿ ಕೇಳಿದರಂತೆ, ಇಷ್ಟು ವರ್ಷ ಏನು ಕೆಲಸ ಮಾಡಿದ್ದೀ, ಪ್ರೂಫ್ ಏನಿದೆ ಅಂತ. ಅಪ್ಪ ಜೇಬಿನಿಂದ ಹಿತ್ತಾಳೆ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟರು. ಗೇಟಿನಲ್ಲಿ ಹಾಜರಿಗೆ ಕೊಡುತ್ತಿದ್ದ ಬಿಲ್ಲೆ. ಅದರ ಮೇಲೆ ಒಂದು ನಂಬರ್ ಇತ್ತು. ಹೆಸರಿಲ್ಲ, ಕೆಲಸ ಏನೆಂದು ಇಲ್ಲ, ಎಷ್ಟು ವರ್ಷ ಅಂತ ಇಲ್ಲ. ಅವರು ಬದಲಿ ಕಾರ್ಮಿಕನಾಗಿ ತೆಗೆದುಕೊಂಡರು, ಹೊಸಬರ ಕೂಲಿಗೆ. ಇಪ್ಪತ್ತು ವರ್ಷದ ಕೈ ನಿನ್ನೆ ಬಂದವನ ಸಾಲಿನಲ್ಲಿ ನಿಂತಿತು. ಎರಡು ತಿಂಗಳಿಗೆ ಅಪ್ಪ ವಾಪಸ್ ಬಂದರು. ಆಮೇಲೆ ನಮ್ಮೂರ ಎಪಿಎಂಸಿಯ ದಲಾಲಿ ಮಂಡಿಯೊಂದರಲ್ಲಿ ರಾತ್ರಿ ಕಾವಲು.

ಆಗಿನಿಂದ ಅವರ ಬಾಯಲ್ಲಿ ಒಂದೇ ಮಾತು: "ಒಂದ್ ಕಾಗ್ದ ಇರ್ಲಿ ಕಣವ್ವ. ಕೈಯಾಗೆ ಒಂದ್ ಕಾಗ್ದ ಇರ್ಲಿ."

ನಮ್ಮೂರಿನ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿಬಂದಿರಬೇಕು. ಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರದ್ದು, ಜೆಜೆಎಂ ಮೆಡಿಕಲ್ ಕಾಲೇಜು 1965ರದ್ದು, ಬಿಐಇಟಿ 1979ರದ್ದು. ಮಿಲ್ಲುಗಳು ಓಡುತ್ತಿದ್ದಾಗಲೇ ಇವೆಲ್ಲ ಇದ್ದವು. ಆದರೆ ಮಿಲ್ಲಿನವರ ಮಕ್ಕಳು ಕಾಲೇಜಿನ ಕಡೆ ಮುಖ ಮಾಡಿದ್ದು ಸೈರನ್ ನಿಂತ ಮೇಲೆ. ಮಿಲ್ಲಿನ ಊರು ಅಂತ ಹೇಳುತ್ತಿದ್ದವರು ನಿಧಾನಕ್ಕೆ ಕಾಲೇಜುಗಳ ಊರು ಅಂತ ಹೇಳತೊಡಗಿದರು. 2009ರಲ್ಲಿ ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯವೇ ಬಂತು. ನನ್ನ ಪದವಿ ಅದಕ್ಕೂ ಮೊದಲಿನದು, ಅದರ ಮೇಲೆ ಕುವೆಂಪು ವಿಶ್ವವಿದ್ಯಾಲಯದ ಮುದ್ರೆ ಇದೆ.

ಹಾಗೆ ನಾನು ಬಿ.ಕಾಂ. ಮಾಡಿದೆ. ತಮ್ಮ ಗಣಿತದಲ್ಲಿ ಫೇಲಾಗಿ ಹರಿಹರದ ಲೇತ್ ಅಂಗಡಿಗೆ ಸೇರಿದ.

ನನ್ನ ಕೆಲಸ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ. ಮಂಡಿಪೇಟೆಯ ಅಂಗಡಿಗಳು, ಮಂಡಕ್ಕಿ ಭಟ್ಟಿಯವರು, ಅಕ್ಕಿ ಗಿರಣಿಯವರು, ಮೆಕ್ಕೆಜೋಳದ ವ್ಯಾಪಾರಿಗಳು, ಎಲ್ಲರ ಲೆಕ್ಕವೂ ಅಲ್ಲಿಗೆ ಬರುತ್ತದೆ. ಸೇರಿದ ಮೊದಲ ವಾರ ಗೊತ್ತಾಯಿತು, ಮೂರು ವರ್ಷ ಓದಿದ್ದರಲ್ಲಿ ಆ ಮೇಜಿನ ಮೇಲೆ ನೇರವಾಗಿ ಉಪಯೋಗಕ್ಕೆ ಬರುವುದು ತೀರಾ ಕಡಿಮೆ ಅಂತ. ಕೆಲಸ ಕಲಿಸಿದ್ದು ಅಲ್ಲಿದ್ದ ಹಿರಿಯ ಗುಮಾಸ್ತರು. ಕಾಕಾ ಅಂತ ಕರೆಯುತ್ತಿದ್ದೆ. ಪಿಯುಸಿ ದಾಟಿದವರಲ್ಲ. ಹದಿನೆಂಟನೇ ವಯಸ್ಸಿಗೆ ದಲಾಲಿ ಅಂಗಡಿಯಲ್ಲಿ ಕಿರ್ದಿ ಬರೆಯಲು ಕೂತವರು. ಕಿರ್ದಿ, ಖತಾವಣಿ, ಜಮಾ, ನಾವೆ ಅಂತಲೇ ಅವರ ಮಾತು. ಡೆಬಿಟ್ ಕ್ರೆಡಿಟ್ ಅಂದರೆ ಒಂದು ಕ್ಷಣ ತಡೆದು ಒಳಗೇ ತರ್ಜುಮೆ ಮಾಡಿಕೊಳ್ಳುತ್ತಿದ್ದರು. ವರ್ಷದ ಕೊನೆಗೆ ತಾಳೆ ಬೀಳದ ಲೆಕ್ಕ ಅವರ ಮುಂದೆ ಇಟ್ಟರೆ, ವ್ಯತ್ಯಾಸದ ಮೊತ್ತ ನೋಡಿ, "ಇದು ಒಂಬತ್ತರಾಗೆ ಭಾಗ ಹೋಗ್ತೈತೆ ನೋಡವ್ವ, ಎಲ್ಲೋ ಅಂಕಿ ಹಿಂದ್ಮುಂದೆ ಬರ್ದೀರಿ" ಅನ್ನುತ್ತಿದ್ದರು. 63 ಬರೆಯುವಲ್ಲಿ 36 ಬರೆದರೆ ವ್ಯತ್ಯಾಸ 27. ಯಾವ ಎರಡು ಅಂಕಿ ಅದಲು ಬದಲಾದರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ. ನನ್ನ ಪಠ್ಯದಲ್ಲೂ ಇದು ಇದ್ದಿರಬಹುದು. ತಲೆಗೆ ಹೋದದ್ದು ಕಾಕಾ ಹೇಳಿದಾಗ.

ಹಳೆಯ ಮಾರಾಟ ತೆರಿಗೆ ಅವರಿಗೆ ಬಾಯಿಪಾಠ. 2005ರ ಏಪ್ರಿಲ್‌ನಲ್ಲಿ ವ್ಯಾಟ್ ಬಂದಾಗ ಐವತ್ತರ ಹೊಸ್ತಿಲಲ್ಲಿದ್ದರೂ ಹೊಸ ಹುಡುಗನ ಹಾಗೆ ಕೂತು ಕಲಿತರು. ನಾನು ಇಂಗ್ಲಿಷ್ ಅಧಿಸೂಚನೆ ಓದಿ ಕನ್ನಡದಲ್ಲಿ ಹೇಳಬೇಕು, ಅವರು "ಹಂಗಂದ್ರೆ ಮೆಣಸಿನಕಾಯಿ ವ್ಯಾಪಾರಿಗೆ ಏನಾತು?" ಅಂತ ಕೇಳಬೇಕು. ಆ ಪ್ರಶ್ನೆ ಬಂದ ಮೇಲೆಯೇ ನನಗೂ ಆ ಅಧಿಸೂಚನೆ ಅರ್ಥವಾಗುತ್ತಿದ್ದದ್ದು. ಡಿಗ್ರಿ ನನಗೆ ಕೊಟ್ಟದ್ದೇನು ಅಂತ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಇದು: ಕಷ್ಟದ ಇಂಗ್ಲಿಷಿನ ಪುಟ ಕಂಡರೆ ಹೆದರದೆ ಎರಡನೇ ಸಲ ಓದುವ ಧೈರ್ಯ. ಅದು ಸಣ್ಣದಲ್ಲ. ಆದರೆ ಕಾಕಾ ಇಲ್ಲದೆ ಅದೊಂದನ್ನೇ ಇಟ್ಟುಕೊಂಡು ನಾನು ಒಂದು ರಿಟರ್ನ್ಸ್ ಕೂಡ ಸರಿಯಾಗಿ ತುಂಬುತ್ತಿರಲಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ವ್ಯಾಪಾರಿಗಳ ಪರವಾಗಿ ರಿಟರ್ನ್ಸ್ ಸಲ್ಲಿಸುವವರು ಜಿಎಸ್‌ಟಿ ಪ್ರಾಕ್ಟೀಷನರ್ ಅಂತ ನೋಂದಾಯಿಸಿಕೊಳ್ಳಬೇಕು ಅಂದರು. ಸಾಹೇಬರು ನಮ್ಮಿಬ್ಬರನ್ನೂ ಕರೆದು, ಇಬ್ಬರೂ ಅರ್ಜಿ ಹಾಕಿ, ಆಫೀಸಿಗೆ ಬಲ ಬರುತ್ತೆ ಅಂದರು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫಾರಂ ತೆರೆದೆ. ಕಾಕಾ ಬುತ್ತಿ ಮುಚ್ಚಿ, ಕೈ ಒರೆಸಿಕೊಂಡು, ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ವಿದ್ಯಾರ್ಹತೆಯ ಜಾಗ ಬಂತು. ವಾಣಿಜ್ಯ, ಕಾನೂನು, ಬ್ಯಾಂಕಿಂಗ್, ಬಿಸಿನೆಸ್ ಅಡ್ಮಿನಿಸ್ಟ್ರೇಷನ್, ಇಂಥ ಪದವಿ ಇರಬೇಕು. ಇಲ್ಲದಿದ್ದರೆ ಹಿಂದಿನ ಕಾನೂನಿನಲ್ಲಿ ಐದು ವರ್ಷ ಮಾರಾಟ ತೆರಿಗೆ ಪ್ರಾಕ್ಟೀಷನರ್ ಅಂತ ನೋಂದಾಯಿಸಿಕೊಂಡಿರಬೇಕು, ಅಥವಾ ಇಲಾಖೆಯ ನಿವೃತ್ತ ಅಧಿಕಾರಿ ಆಗಿರಬೇಕು. ಕಾಕಾ ಯಾವತ್ತೂ ಗುಮಾಸ್ತರು. ನೋಂದಣಿ ಇದ್ದದ್ದು ಸಾಹೇಬರ ಹೆಸರಿನಲ್ಲಿ. ನಾನು ಪರದೆಯನ್ನು ಮೇಲೆ ಕೆಳಗೆ ಸರಿಸುತ್ತಾ ಕೂತೆ, ಎಲ್ಲಾದರೂ ಒಂದು ಖಾನೆ ಸಿಕ್ಕೀತು ಅಂತ. ಭುಜದ ಹಿಂದಿನಿಂದ ಅವರು ಅಂದರು, "ನಿಂದು ಸಬ್ಮಿಟ್ ಮಾಡವ್ವ. ಸರ್ವರ್ ಹೋದ್ರೆ ಮತ್ತೆ ಕಾಯ್ಬೇಕು."

ಕಾಕಾ ತಮ್ಮ ಜಾಗಕ್ಕೆ ಹೋಗಿ ಕೂತು, ಕೆಂಪು ಪೆನ್ಸಿಲ್ ತಗೊಂಡು ವೋಚರ್‌ಗಳಿಗೆ ಟಿಕ್ ಹಾಕತೊಡಗಿದರು. ನನ್ನ ಅರ್ಜಿ ಹೋಯಿತು. ಆಮೇಲೆ ಇಲಾಖೆಯ ಪರೀಕ್ಷೆಯನ್ನೂ ಬರೆದು ಪಾಸಾದೆ. ಪರೀಕ್ಷೆಗೆ ಓದಿಸಿದ್ದು ಕಾಕಾ. ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದು, ದೇವರ ಫೋಟೋಗೆ ಊದುಬತ್ತಿ ಹಚ್ಚಿ, "ಹೂಂ, ಹೇಳು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಯಾವ್ಯಾವ್ದಕ್ಕೆ ಸಿಗಲ್ಲ?" ಅಂತ ಶುರು ಮಾಡುತ್ತಿದ್ದರು.

ಇದು ಅನ್ಯಾಯ ಅಂತ ನಾನು ಅಂದೂ ಅಂದುಕೊಂಡೆ, ಇಂದೂ ಅಂದುಕೊಳ್ಳುತ್ತೇನೆ. ಅರ್ಹತೆ ಅಳೆಯಲು ಪರೀಕ್ಷೆ ಇದೆಯಲ್ಲ. ಅದನ್ನು ಬರೆಯಲು ಅವರಿಗೆ ಬಿಡಬಹುದಿತ್ತು. ಫೇಲಾಗಿದ್ದರೆ ಆಗಲಿ. ಪದವಿ ಇಲ್ಲದವರು ಪರೀಕ್ಷೆಯ ಕೋಣೆಗೇ ಬರಬಾರದು ಅನ್ನುವುದು ಯಾವ ಲೆಕ್ಕ? ಇದೇ ಲೆಕ್ಕಪತ್ರದ ಜಗತ್ತಿನಲ್ಲಿ ಅತ್ಯಂತ ಮೇಲಿನ ಮೆಟ್ಟಿಲು ಚಾರ್ಟರ್ಡ್ ಅಕೌಂಟೆಂಟ್. ಅಲ್ಲಿಗೆ ಕಾಲೇಜು ಪದವಿ ಕಡ್ಡಾಯ ಇಲ್ಲ ಅನ್ನುವುದು ನಮ್ಮ ಕಡೆಯ ಎಷ್ಟು ತಂದೆತಾಯಿಗೆ ಗೊತ್ತು? ಪಿಯುಸಿ ಆದ ಮೇಲೆ ಫೌಂಡೇಷನ್, ಇಂಟರ್‌ಮೀಡಿಯೆಟ್, ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವ ಎರಡು ವರ್ಷದ ಆರ್ಟಿಕಲ್‌ಶಿಪ್, ಫೈನಲ್. ಮಾಡಿದರೆ ಸಿಎ. ಪರೀಕ್ಷೆ ಕಬ್ಬಿಣದ ಕಡಲೆ, ಆದರೆ ಬಾಗಿಲು ತೆರೆದಿದೆ. ಬೆಸ್ಕಾಂನಂಥ ಕಂಪನಿಗಳ ಪವರ್‌ಮ್ಯಾನ್ ಕೆಲಸಕ್ಕೂ ಅಷ್ಟೆ, ಎಸ್ಸೆಸ್ಸೆಲ್ಸಿ ಅಂಕ ನೋಡುತ್ತಾರೆ, 8 ಮೀಟರ್ ಕಂಬ ಹತ್ತಿಸುತ್ತಾರೆ. ಬಿ.ಎ. ಮಾಡಿದವನೂ ಕಂಬ ಹತ್ತಲೇಬೇಕು. ಅದರಲ್ಲಿ ನನಗೆ ನ್ಯಾಯ ಕಾಣುತ್ತದೆ.

ಆದರೂ ಆ ಮಧ್ಯಾಹ್ನದ ಬಗ್ಗೆ ಯೋಚಿಸುತ್ತಾ ಒಂದು ಮಾತು ಹೊಳೆದಿದೆ. ಮಂಡಿಪೇಟೆಯಲ್ಲಿ ಕಾಕಾ ಯಾರು ಅಂತ ಕೇಳುವವರೇ ಇಲ್ಲ. ಅವರು ಬಾಯಿಮಾತಲ್ಲಿ "ಸರಿ ಐತೆ" ಅಂದರೆ ಸಾಹುಕಾರರು ಸಹಿ ಹಾಕುತ್ತಾರೆ. ದೀಪಾವಳಿಗೆ ಹೊಸ ಖಾತೆ ಪುಸ್ತಕದ ಮೊದಲ ಪುಟದಲ್ಲಿ ಶ್ರೀಕಾರ ಬರೆಯಲು ಈಗಲೂ ನಾಲ್ಕಾರು ಅಂಗಡಿಯವರು ಅವರನ್ನೇ ಕರೆಯುತ್ತಾರೆ. ಗುರುತಿರುವವರ ನಡುವೆ ಅವರಿಗೆ ಯಾವ ಕಾಗದವೂ ಬೇಕಾಗಲಿಲ್ಲ. ಗುರುತಿಲ್ಲದ ಒಂದು ಕಂಪ್ಯೂಟರ್ ಪರದೆಯ ಎದುರು ನಿಂತಾಗ ಅವರ ನಲವತ್ತು ವರ್ಷಕ್ಕೆ ಬಾಯಿ ಇರಲಿಲ್ಲ. ಅಪ್ಪನಿಗೆ ಕೊಯಮತ್ತೂರಿನಲ್ಲಿ ಆದದ್ದೂ ಇದೇ.

ಹಾಗಾದರೆ ತಮ್ಮ? ಅವನ ಲೇತು ಹರಿಹರದಲ್ಲೇ ಹುಟ್ಟಿದ್ದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದದ್ದು ಅಲ್ಲಿ. ಕಾರ್ಖಾನೆ ನಿಂತರೂ ಅದರ ಲೇತುಗಳು ಇನ್ನೂ ತಿರುಗುತ್ತಿವೆ. ತಮ್ಮ ಹಳೆಯದೊಂದನ್ನು ಕೊಂಡು, ಬೆಡ್ ಗ್ರೈಂಡ್ ಮಾಡಿಸಿ, ದಾವಣಗೆರೆಯಲ್ಲಿ ಅಂಗಡಿ ಹಾಕಿದ. ಟ್ರ್ಯಾಕ್ಟರ್ ಬುಷ್, ಜೋಳ ಬಿಡಿಸುವ ಯಂತ್ರದ ಶಾಫ್ಟು, ಪಂಪಿನ ಪುಲ್ಲಿ. ರೈತರಿಗೆ ಅವನ ಮಾರ್ಕ್ಸ್ ಕಾರ್ಡ್ ಬೇಕಿಲ್ಲ, ಶಾಫ್ಟು ಅಲುಗದೆ ಕೂತರೆ ಸಾಕು. ಎರಡನೇ ಯಂತ್ರಕ್ಕೆ ಸಾಲ ಕೇಳಿದಾಗ ಬ್ಯಾಂಕೂ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ, ಮೂರು ವರ್ಷದ ರಿಟರ್ನ್ಸ್ ಕೇಳಿತು. ನಾನು ಪ್ರತಿ ವರ್ಷ ಬೈದು ಬೈದು ತುಂಬಿಸಿದ ರಿಟರ್ನ್ಸ್. ನೋಡಿ, ಅವನೂ ಕಾಗದ ಇಟ್ಟುಕೊಂಡಿದ್ದ. ಅದು ಕಾಲೇಜಿನದಲ್ಲ, ಅಷ್ಟೆ. ಲೆಕ್ಕ ಬರೆದಿಡದ ಅವನಂಥದೇ ಕೈಚಳಕದ ಇನ್ನೊಬ್ಬ ಲೇತ್ ಅಂಗಡಿಯವನಿಗೆ ಅದೇ ಬ್ಯಾಂಕಿನಲ್ಲಿ ಸಾಲ ಸಿಗಲಿಲ್ಲ, ಬಡ್ಡಿಗೆ ಕೊಡುವವರ ಹತ್ತಿರ ಹೋದ.

ಡಿಗ್ರಿ ಮಾಡಿದವರೇ ಹೆಚ್ಚು ನಿರುದ್ಯೋಗಿಗಳು ಅಂತ ಹುಡುಗ ವಾದ ಮಾಡಿದ್ದ. ಕೇಂದ್ರ ಸರ್ಕಾರದ ಕಾರ್ಮಿಕ ಬಲದ ಸಮೀಕ್ಷೆಯಲ್ಲಿ ವರ್ಷ ವರ್ಷವೂ ಪದವೀಧರರ ನಿರುದ್ಯೋಗ ದರ ಅಕ್ಷರ ಬಾರದವರಿಗಿಂತ ಹೆಚ್ಚೇ ಇರುತ್ತದೆ, ನಿಜ. ಆದರೆ ಅಕ್ಷರ ಬಾರದವರು ಕೆಲಸ ಇಲ್ಲದೆ ಕೂರುವ ಹಾಗೇ ಇಲ್ಲ. ಇವತ್ತು ಕೂಲಿಗೆ ಹೋಗದಿದ್ದರೆ ರಾತ್ರಿ ಒಲೆ ಹತ್ತಲ್ಲ. ಪದವಿ ಮಾಡಿದವನು ಒಳ್ಳೆಯ ಕೆಲಸಕ್ಕೆ ಕಾಯುತ್ತಾನೆ, ಕಾಯಲು ಮನೆಯವರು ಅನ್ನ ಹಾಕುತ್ತಾರೆ. ಆ ಕಾಯುವಿಕೆಯ ನೋವು ನನಗೆ ಗೊತ್ತು, ನಮ್ಮ ಬೀದಿಯಲ್ಲೇ ಮೂವರಿದ್ದಾರೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯ ನಿರುದ್ಯೋಗ ಭತ್ಯೆ ಯುವನಿಧಿಗೆ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಸಿಕ್ಕಾಗ ಆ ಮೂವರಲ್ಲಿ ಒಬ್ಬನಿಗೆ ಅದು ಕೋಚಿಂಗ್ ಫೀಸಾಯಿತು. ಡಿಪ್ಲೊಮಾಕ್ಕೆ ಅರ್ಧ ಯಾಕೆ ಅಂತ ನನಗೆ ಇಂದಿಗೂ ಅರ್ಥವಾಗಿಲ್ಲ.

ಹುಡುಗಿಯರ ವಿಷಯ ಬೇರೆಯೇ, ಅದನ್ನು ಹೇಳದೆ ಮುಂದೆ ಹೋಗಲಾರೆ. ನಾನು ಎರಡನೇ ಬಿ.ಕಾಂ.ನಲ್ಲಿದ್ದಾಗ ಗಂಡಿನ ಕಡೆಯವರು ಬಂದಿದ್ದರು. ಹೊಲ, ಮನೆ, ಎಲ್ಲ ಇದ್ದ ಸಂಬಂಧ. ಅವ್ವನಿಗೆ ಮನಸ್ಸಿತ್ತು. ಅಪ್ಪ "ಪರೀಕ್ಷೆ ಮುಗೀಲಿ" ಅಂದರು. ಮಗಳಿಗೆ ಇಷ್ಟ ಇಲ್ಲ ಅಂದಿದ್ದರೆ ನೆಂಟರು ಒಪ್ಪುತ್ತಿರಲಿಲ್ಲ, ವಯಸ್ಸು ಸಣ್ಣದು ಅಂದಿದ್ದರೂ ಒಪ್ಪುತ್ತಿರಲಿಲ್ಲ. ಪರೀಕ್ಷೆ ಅಂದಾಗ ಎಲ್ಲರೂ ತಲೆಯಾಡಿಸಿ ಎದ್ದರು. ನನ್ನ ಜತೆ ಓದಿದ ಹೊನ್ನಾಳಿ, ಹರಪನಹಳ್ಳಿ ಕಡೆಯ ಹುಡುಗಿಯರು ಬಸ್ ಪಾಸ್ ಹಿಡಿದು ದಿನಾ ಬಂದು ಹೋಗುತ್ತಿದ್ದರು. ಅವರಲ್ಲಿ ಅನೇಕರಿಗೆ ಆ ಮೂರು ವರ್ಷ, ಮನೆಯಿಂದ ಹೊರಗೆ ಹೋಗಲು ಯಾರೂ ಪ್ರಶ್ನಿಸದ ಒಂದೇ ಕಾರಣ. ಒಬ್ಬಳು ಈಗ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಆ ಪರೀಕ್ಷೆಗೆ ಪದವಿ ಬೇಕೇ ಬೇಕು. ಇನ್ನೊಬ್ಬಳು ಕೆಲಸಕ್ಕೆ ಹೋಗಲಿಲ್ಲ, ಆದರೆ ಗಂಡ ತೀರಿಕೊಂಡ ಮೇಲೆ ಪಿಗ್ಮಿ ಕಟ್ಟಿಸಿಕೊಳ್ಳುವ ಕೆಲಸ ಹಿಡಿದು ಇಬ್ಬರು ಮಕ್ಕಳನ್ನು ಓದಿಸಿದಳು. ಹಾಗಾಗಿ ಡಿಗ್ರಿ ಬೇಡ, ಕೌಶಲ ಸಾಕು ಅಂತ ವೇದಿಕೆ ಮೇಲೆ ಹೇಳುವವರನ್ನು ಕಂಡರೆ ನಾನು ಕೇಳಬೇಕು ಅಂದುಕೊಳ್ಳುತ್ತೇನೆ: ನಿಮ್ಮ ಮಗಳಿಗೂ ಇದನ್ನೇ ಹೇಳುತ್ತೀರಾ? ಹಳ್ಳಿಯ ಹುಡುಗಿಯೊಬ್ಬಳ ಕೈಯಿಂದ ಕಾಲೇಜು ಕಿತ್ತುಕೊಂಡರೆ, ಅವಳಿಗೆ ಕೌಶಲ ಕಲಿಯಲು ಯಾರು ಮೂರು ವರ್ಷ ಬಿಡುತ್ತಾರೆ?

ಹತ್ತು ದಿನ ಆದ ಮೇಲೆ ಹುಡುಗನನ್ನು ಕರೆದೆ. ಬಿ.ಎಸ್ಸಿ. ಮಾಡು ಅಂತ ಹೇಳಲಿಲ್ಲ. ಅವನಿಗೆ ಅದರಲ್ಲಿ ಆಸಕ್ತಿ ಇಲ್ಲ, ಶಾಸ್ತ್ರಕ್ಕೆ ಮಾಡಿದ ಡಿಗ್ರಿ ಯಾರ ಮುಂದೆಯೂ ಹೆಚ್ಚು ಮಾತಾಡುವುದಿಲ್ಲ. ಸಂಜೆ ಹೊತ್ತು ಅವನಪ್ಪನ ಲೇತಿನ ಮುಂದೆ ನಿಂತಾಗ ಅವನ ಮುಖ ನೋಡಿದ್ದೇನೆ. ಅಂಗಡಿಯಲ್ಲೇ ಇರು ಅಂತಲೂ ಹೇಳಲಿಲ್ಲ. ಪಿಯುಸಿ ಸೈನ್ಸ್ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು, ಮೆಕ್ಯಾನಿಕಲ್ ತಗೋ. ಎರಡು ವರ್ಷದಲ್ಲಿ ಡಿಪ್ಲೊಮಾ ಕೈಗೆ ಬರುತ್ತೆ. ಆಮೇಲೆ ಮನಸ್ಸಿದ್ದರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗು, ಇಲ್ಲದಿದ್ದರೆ ಅಂಗಡಿಗೆ ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಯಂತ್ರ ತಂದು ಹಾಕು ಅಂದೆ. "ಹಂಗಾದ್ರೆ ಡಿಗ್ರಿ ಬೇಡ ಅಂತೀಯ?" ಅಂದ. "ನಿನ್ನ ಗುರುತಿಲ್ಲದವರ ಊರಿಗೆ ಒಂದಿನ ಹೋಗ್ಬೇಕಾದ್ರೆ ನಿನ್ನ ಪರವಾಗಿ ಮಾತಾಡೋಕೆ ಏನಾದ್ರೂ ಇರ್ಲಿ ಅಂತೀನಿ" ಅಂದೆ. ಅವನು ಪೂರ್ತಿ ಒಪ್ಪಿದ ಅಂತ ನನಗನ್ನಿಸಲಿಲ್ಲ. ಆದರೆ ಅರ್ಜಿ ಹಾಕಿದ್ದಾನೆ.

ಕಳೆದ ಭಾನುವಾರ ತಮ್ಮ ಫೋನ್ ಮಾಡಿದ. "ಅಕ್ಕ, ನಮ್ಮ ಅಂಗಡಿ ಹುಡುಗ ಪೀಣ್ಯಕ್ಕೆ ಹೊಂಟಾನೆ. ಅವ್ನ ಮಾವ ಅಲ್ಲೆಲ್ಲೋ ಕೆಲ್ಸ ನೋಡ್ಯಾನಂತೆ. ಒಂದ್ ಲೆಟರ್ ಟೈಪ್ ಮಾಡಿ ಕೊಡ್ತೀಯಾ?" ಜಗಳೂರು ತಾಲ್ಲೂಕಿನ ಹುಡುಗ, ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ಹದಿನೆಂಟು ತುಂಬಿದ ಮೇಲೆ ತಮ್ಮನ ಹತ್ತಿರ ಸೇರಿ ಆರು ವರ್ಷ ಆಗಿದೆ.

ಲ್ಯಾಪ್‌ಟಾಪ್ ತಗೊಂಡು ಅಪ್ಪನ ಮನೆಗೆ ಹೋದೆ. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಕೇಳಿ ಬರೆದೆ. ಒಳ್ಳೆಯ ಹುಡುಗ, ನಂಬಿಕಸ್ಥ ಅಂತ ಶುರು ಮಾಡಿದ. ಅದು ಕೊನೆಗಿರಲಿ, ಏನು ಬರುತ್ತೆ ಹೇಳು ಅಂದೆ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ಆರೂವರೆ ಅಡಿ ಲೇತಿನಲ್ಲಿ ಟರ್ನಿಂಗ್, ಫೇಸಿಂಗ್, ಬೋರಿಂಗ್, ಒಳಗಿನ ಹೊರಗಿನ ಥ್ರೆಡ್ಡಿಂಗ್ ಸ್ವತಂತ್ರವಾಗಿ ಮಾಡಬಲ್ಲ. ಟೂಲ್ ತಾನೇ ಗ್ರೈಂಡ್ ಮಾಡಿಕೊಳ್ಳುತ್ತಾನೆ. ಮೈಕ್ರೋಮೀಟರ್, ವರ್ನಿಯರ್ ಓದುತ್ತಾನೆ. ಡ್ರಾಯಿಂಗ್ ಓದುವುದು ಅರ್ಧ ಬರುತ್ತೆ ಅಂದ ತಮ್ಮ. ಅದನ್ನೂ ಹಾಗೇ ಬರೆದೆ, ಸರಳ ಡ್ರಾಯಿಂಗ್ ನೋಡಿ ಕೆಲಸ ಮಾಡಬಲ್ಲ ಅಂತ. ಕೆಳಗೆ ಅಂಗಡಿ ಹೆಸರು, ಜಿಎಸ್‌ಟಿ ನಂಬರ್, ಫೋನ್ ನಂಬರ್. ತಮ್ಮ ಸಹಿ ಹಾಕಿ ದುಂಡು ಸೀಲು ಒತ್ತಿದ. ಸೀಲಿನ ಒಂದು ಬದಿ ಮಸುಕಾಗಿ ಬಂತು ಅಂತ ಇನ್ನೊಂದು ಪ್ರತಿ ತೆಗೆಸಿ ಮತ್ತೆ ಒತ್ತಿದ.

ಅಪ್ಪ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಈಗ ಅಷ್ಟು ಕಾಣುವುದಿಲ್ಲ. ಏನು ಬರೆದಿರಿ ಓದು ಅಂದರು. ಓದಿದೆ. ಕೇಳಿಸಿಕೊಳ್ಳುವಾಗ ಅವರ ಹೆಬ್ಬೆರಳು ತೋರುಬೆರಳಿನ ಮೇಲೆ ನಿಧಾನಕ್ಕೆ ಆಡುತ್ತಿತ್ತು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು, "ಏನೇನ್ ಬರ್ತೈತೆ ಅಂತ ಐತಲ್ಲ, ಅದನ್ನ ಇನ್ನೊಂದ್ ಸಲ ಓದು."